ತೊಟ್ಟಿಲು ತಂದ ಮಿಡಚಿ

ಮೊನ್ನೆ ತಂಗಿ ಬಂದಿದ್ದಳು, ಕಮಲಾಪುರದ ಕೆಂಪು ಬಾಳೆಗೊನೆ ತೆಗೆದುಕೊಂಡು. ತಂಗಿ ಎಂದರೆ ನನ್ನ ಕಾಕಾನ ಮಗಳು. ಅವಳ ತಲೆಯೂ ಈಗ ನನ್ನ ತಲೆಯಂತೆ ಬೆಳ್ಳಗಾಗಿದೆ. ಕಾರಿನ ಹಿಂಬದಿಯ ಬಾಗಿಲು ಎತ್ತಿದಳು ನೋಡಿ, ಬಿಸಿಲಿಗೆ ಕಾದ ಪೆಟ್ರೋಲಿನ ಘಾಟು, ಅದರ ನಡುವೆ ಕಳಿತ ಹಣ್ಣಿನ ಸಿಹಿ… ಎರಡೂ ಒಟ್ಟಿಗೇ ಬಂದವು. "ಅಕ್ಕಾ, ಯಾಕ ಹಂಗ ನಿಂತಿ?" ಎಂದಳು. ನಾನು ಆಗಲೇ ಕಲಬುರ್ಗಿಯ ಹಳೆಯ ಮನೆಯ ಅಂಗಳದಲ್ಲಿದ್ದೆ.

ಅದು ನಿಜಾಮರ ಕಾಲ. ನನ್ನ ತಂದೆಯ ತಮ್ಮ, ನಮ್ಮ ಕಾಕಾ, ಅದಾಲತ್ತಿನಲ್ಲಿ ವಕೀಲರಾಗಿದ್ದರು. ತಡವಾಗಿ ಮದುವೆಯಾದರು, ಮದುವೆಗೆ ಮೊದಲೇ ಒಂದು ಮೋಟಾರು ಕೊಂಡಿದ್ದರು. ಸೊಲ್ಲಾಪುರದ ಗಿರಣಿಯ ಯಾರೋ ಬಿಳಿ ದೊರೆ ತಮ್ಮ ದೇಶಕ್ಕೆ ಹೊರಟಾಗ ಬಿಟ್ಟುಕೊಟ್ಟದ್ದು. ಎರಡೇ ಆಸನ, ಮಡಚುವ ಟಪ್ಪು, ಎಲೆಹಸಿರು ಬಣ್ಣ. ಇಂಥದ್ದನ್ನು ಸ್ಪೋರ್ಟ್ಸ್ ಕಾರು ಅನ್ನುತ್ತಾರೆಂದು ಕಾಕಾ ಎಷ್ಟು ಸಲ ಹೇಳಿದರೂ ಓಣಿಯವರು ಅದನ್ನು ಮಿಡಚಿ ಎಂದೇ ಕರೆದರು. ನೋಡಲು ಮಿಡತೆಯ ಹಾಗೆಯೇ ಇತ್ತು, ಹಾರಲು ಸಿದ್ಧವಾಗಿ ಕೂತಂತೆ. ಕಾಕಾ ಕುಚ್ಚಿನ ಕೆಂಪು ರುಮಿ ಟೋಪಿ ಹಾಕಿಕೊಂಡು ಹೊರಟರೆ ಒಂದು ಕೈ ಸ್ಟಿಯರಿಂಗ್ ಚಕ್ರದ ಮೇಲೆ, ಇನ್ನೊಂದು ಟೋಪಿಯ ಮೇಲೆ.

ಕಾಕಾನ ಹೆಂಡತಿ, ನಮ್ಮ ಕಾಕು, ಬಸುರಿಯಾಗಿ ತವರಾದ ಕಮಲಾಪುರಕ್ಕೆ ಹೋದರು. ಅಲ್ಲಿ ಹೆಣ್ಣು ಹುಟ್ಟಿದ ಸುದ್ದಿ ಬಂದ ದಿನ ಕಾಕಾ ಮಿಡಚಿಯ ದೀಪಗಳನ್ನು ತಮ್ಮ ಶಲ್ಯದಿಂದಲೇ ಒರೆಸಿದ್ದು ನನಗೆ ಚೆನ್ನಾಗಿ ನೆನಪಿದೆ. ಆದರೆ ನಮ್ಮ ಆಯಿ, ಅಂದರೆ ಅಜ್ಜಿ, ಬೇರೆಯೇ ಲೆಕ್ಕ ಹಾಕಿದ್ದರು.

"ಇನ್ನ ನೀ ತಂದಿ ಆದಿ. ಕೂಸಿಗೆ ಕೂಡ್ಲಾಕ ಜಾಗಾ ಇಲ್ಲದ ಗಾಡಿ ಸಂಸಾರಸ್ಥರಿಗೆ ಯಾಕ? ಗಂಜ್ ಬಜಾರದ ಸಾಹುಕಾರ್ರು ಕೇಳ್ಲತ್ತಾರ, ಕೊಟ್ಟುಬಿಡು."

"ಕೂಸೂ ಬರ್ತದವ್ವ, ಗಾಡೀನೂ ಇರ್ತದ."

"ಹೌದಾ? ಹಂಗಾದ್ರ ಬಾಣಂತಿ, ಕೂಸು, ತವರಿನ ತೊಟ್ಟಿಲ, ಮೂರೂ ನಿನ್ನ ಮಿಡಚಿ ಒಳಗ ಒಂದ ಸವಾರಿಗೆ ತಂದು ತೋರಿಸು. ಆಗದಿದ್ರ ಅವತ್ತ ಸಾಹುಕಾರ್ರು ಹೊಡ್ಕೊಂಡು ಹೋಗ್ತಾರ."

ಇಲ್ಲಿ ನಮ್ಮ ಮನೆಯ ಪದ್ಧತಿ ಹೇಳಬೇಕು. ಚೊಚ್ಚಲ ಕೂಸು ಐದನೆಯ ತಿಂಗಳಲ್ಲಿ ತವರಿನ ತೊಟ್ಟಿಲಿನೊಂದಿಗೆ ಬರುತ್ತದೆ. ತಾಯಿ, ಕೂಸು, ತೊಟ್ಟಿಲು ಬೇರೆ ಬೇರೆಯಾಗಿ ಬರುವಂತಿಲ್ಲ. ತೊಟ್ಟಿಲು ಖಾಲಿಯಾಗಿ ಬರುವಂತಿಲ್ಲ. ತೊಟ್ಟಿಲು ತಂದ ಬಂಡಿಯ ಎತ್ತುಗಳಿಗೆ ಆರತಿಯಾಗುತ್ತದೆ, ಆಮೇಲೆ ಅವನ್ನು ಯಾರೂ ಮಾರುವುದಿಲ್ಲ. ನನ್ನ ತೊಟ್ಟಿಲು ಎಳೆದು ತಂದ ಎತ್ತು ಉಳುಮೆಗೆ ಬಾರದಷ್ಟು ಮುದಿಯಾದರೂ ನಮ್ಮ ಕೊಟ್ಟಿಗೆಯಲ್ಲೇ ಮೇಯುತ್ತ ಕಣ್ಣುಮುಚ್ಚಿತು. ಕಾಕಾ ವಕೀಲರಲ್ಲವೇ… ಆಯಿಯ ಷರತ್ತಿಗೆ ಒಪ್ಪುವಾಗ ಈ ಎತ್ತಿನ ಮಾತು ಅವರ ತಲೆಯಲ್ಲಿ ಇದ್ದೇ ಇತ್ತು.

ಬಾಣಂತಿಯನ್ನು ಕರೆಯಲು ಮುತ್ತೈದೆ ಹೋಗಬೇಕು. ಆಯಿ ಗಂಡನನ್ನು ಕಳೆದುಕೊಂಡವರು. ನನ್ನ ಅವ್ವ ಹೊಸ್ತಿಲಲ್ಲಿ ಆರತಿ ಹಿಡಿಯಬೇಕು. ನಾನು ಸಿಕಂದರಾಬಾದಿನ ಕಾನ್ವೆಂಟ್ ಮುಗಿಸಿ, ಕೂಸು ಹುಟ್ಟಿದ ಮೇಲಷ್ಟೇ ಮದುವೆಯಾಗಿ, ಮೊದಲ ಸಲ ತವರಿಗೆ ಬಂದಿದ್ದೆ. ನನ್ನನ್ನೇ ಕಳಿಸಿದರು. ಕಾಕಾ ಮಿಡಚಿಯ ಬಾಲದ ಮೇಲೆ ಹಲಗೆ ಬಿಗಿದು, ಹಗ್ಗ ಜಗ್ಗಿ ನೋಡಿ, ಸೀಟಿ ಹೊಡೆಯುತ್ತ ಹೊರಟರು. ಕಪ್ಪು ನೆಲ ಮುಗಿದು ಕೆಂಪು ಮಣ್ಣು ಶುರುವಾದಾಗ ನನ್ನ ಬಿಳಿ ಕೈಚೌಕ ಕುಂಕುಮದಲ್ಲಿ ಅದ್ದಿದಂತಾಗಿತ್ತು.

ಕಮಲಾಪುರದಲ್ಲಿ ಊಟವಾಯಿತು, ಉಡಿ ತುಂಬಿದರು. ಬಣ್ಣದ ತೊಟ್ಟಿಲನ್ನು ಹೊರಗೆ ತಂದರು. ಕಾಕು ತಾವೇ ಮಲಗಿ ಬೆಳೆದ ತೊಟ್ಟಿಲು ಅದು. ಖಾಲಿ ಹೋಗಬಾರದೆಂದು ಅದರ ತುಂಬ ತೋಟದ ಕೆಂಪು ಬಾಳೆಹಣ್ಣು ಇಟ್ಟರು. ಕಾಕಾ ಅದನ್ನು ಹಲಗೆಯ ಮೇಲೆ ಏರಿಸಿ, ಕಾಕುವನ್ನು ಕೂರಿಸಿ, ಎಲ್ಲರತ್ತ ಒಮ್ಮೆ ನೋಡಿದರು, ಮೊಕದ್ದಮೆ ಗೆದ್ದವರ ಹಾಗೆ.

ಕೂಸು ನನ್ನ ಕೈಯಲ್ಲಿತ್ತು. "ಕಾಕಾ, ನಾ ಎಲ್ಲಿ ಕೂಡ್ಲಿ?" ಎಂದೆ.

ಅವರ ಮುಖ ಈಗಲೂ ಕಾಣುತ್ತದೆ. ಹೆಂಡತಿ, ಮಗು, ತೊಟ್ಟಿಲು, ಎಲ್ಲಕ್ಕೂ ಜಾಗ ಅಳೆದಿದ್ದರು. ಕರೆಯಲು ಬಂದ ಮುತ್ತೈದೆಯೂ ವಾಪಸು ಹೋಗಬೇಕು, ಕೂಸು ಅವಳ ಮಡಿಲಲ್ಲೇ ಹೊಸ್ತಿಲು ದಾಟಬೇಕು ಎಂಬುದನ್ನು ಮರೆತಿದ್ದರು. ನಾನು ಬರುವಾಗ ಕೂತದ್ದು ಅವರ ಪಕ್ಕದಲ್ಲೇ!

ಕಾಕುವಿನ ತಂದೆ ಮೀಸೆಯಲ್ಲಿ ನಕ್ಕರು. "ಅಳಿಯಂದಿರೆ, ಬಂಡಿ ಹೂಡಿಸ್ಲೇನ್ರಿ? ನಮ್ಮ ಎತ್ತು ಯಾರನ್ನೂ ಬಿಟ್ಟು ಹೋಗಂಗಿಲ್ಲ."

ಬಂಡಿ ಹೂಡಿದರೆ ಮಿಡಚಿ ಗಂಜಿನ ಸಾಹುಕಾರರ ಪಾಲು. ಕಾಕಾ ಗಾಡಿಯ ಸುತ್ತ ಒಂದು ಸುತ್ತು ಬಂದರು, ಇನ್ನೊಂದು ಸುತ್ತು ಬಂದರು.

ಆಗ ಕಾಕು ಸೆರಗು ಸೊಂಟಕ್ಕೆ ಸಿಕ್ಕಿಸಿ ಚಕ್ರದ ಕಡೆಗೆ ಸರಿದು ಕೂತರು. "ನೀವು ತೊಟ್ಟಿಲ ಹಿಡ್ಕೊಂಡು ಹಿಂದ ಕೂಡ್ರಿ. ಗಾಡಿ ನಾ ಹೊಡಿತೀನಿ."

"ಏನ್ ಮಾತದು ನಿಂದು!" ಎಂದರು ಅವರ ತಂದೆ.

"ಇವ್ರೇ ಕಲಿಸ್ಯಾರ ಅಪ್ಪಾ. ಐವಾನ್-ಎ-ಶಾಹಿ ಬಂಗ್ಲೆ ಕಡೆ ಮುಂಜಾನೆ ರಸ್ತೆ ಖಾಲಿ ಇರ್ತದ."

ಬೆಳಿಗ್ಗೆ ಗುಡಿಗೆಂದು ಇಬ್ಬರೂ ಹೊರಡುತ್ತಿದ್ದ ಗುಟ್ಟು ಇದು! ಕಾಕಾ ಒಂದು ಕ್ಷಣ ನೆಲ ನೋಡಿದರು. ತಮ್ಮ ಗಾಡಿಯಲ್ಲಿ ತಮಗೇ ಆಸನವಿಲ್ಲ ಎಂಬುದು ಆಗ ಅವರಿಗೆ ಹೊಳೆದಿರಬೇಕು. ಆಮೇಲೆ ರುಮಿ ಟೋಪಿ ತೆಗೆದು ತೊಟ್ಟಿಲಲ್ಲಿ ಬಾಳೆಹಣ್ಣಿನ ಮೇಲಿಟ್ಟರು. ಮುಂದೆ ಹೋಗಿ ಹ್ಯಾಂಡಲ್ ತಿರುವಿ ಎಂಜಿನ್ ಎಬ್ಬಿಸಿದರು. ಧೋತರ ಸರಿಪಡಿಸಿಕೊಂಡು ಹಲಗೆ ಹತ್ತಿ, ಬೆನ್ನು ನಮ್ಮ ಕಡೆ ಮಾಡಿ, ತೊಟ್ಟಿಲನ್ನು ಎರಡೂ ತೋಳಿನಲ್ಲಿ ಅವುಚಿ ಕೂತರು.

"ನಡಿ, ಸವಕಾಶ ಹೊಡಿ," ಎಂದರು. "ಕೂಸು ಮಲಗ್ಯಾದ."

ಹಿಂದೆ ಸರಿಯುವ ರಸ್ತೆಯನ್ನೇ ನೋಡುತ್ತ, ಧೂಳು ಕುಡಿಯುತ್ತ, ಆ ತಂದೆ ಮಗಳನ್ನು ಮನೆಗೆ ತಂದರು. ನಾನು ಆಗಾಗ ತಿರುಗಿ ನೋಡುತ್ತಿದ್ದೆ. ಬೋಳು ನೆತ್ತಿ ಕೆಂಪಾಗಿತ್ತು, ಕತ್ತಿನ ಮಡಿಕೆಗಳಲ್ಲೂ ಕೆಮ್ಮಣ್ಣು. ಗಾಡಿ ಕುಲುಕಿದಾಗಲೆಲ್ಲ ಅವರ ಕೈ ತೊಟ್ಟಿಲನ್ನು ತಟ್ಟುತ್ತಿತ್ತು, ಒಳಗೆ ಕೂಸೇ ಇದ್ದಂತೆ.

ನಮ್ಮ ಕಟ್ಟೆಯ ಮೇಲೆ ಸಾಹುಕಾರರು ಕಾಯುತ್ತ ಕೂತಿದ್ದರು. ಓಣಿಗೆ ಓಣಿಯೇ ಬಾಗಿಲಲ್ಲಿತ್ತು. ಆಯಿ ಸೊಸೆಯನ್ನು ನೋಡಿದರು, ಚಕ್ರದ ಮೇಲಿನ ಹಸಿರು ಬಳೆಯ ಕೈಗಳನ್ನು ನೋಡಿದರು. ಕೊನೆಗೆ ಅವರ ಕಣ್ಣು ಬಾಲದ ಮೇಲಿದ್ದ ಮಗನ ಹತ್ತಿರ ನಿಂತಿತು. ಕೈ ಜೋಮು ಹಿಡಿದು ತೊಟ್ಟಿಲು ಬಿಡಲಾಗದೆ ಕಾಕಾ ಹಾಗೇ ಕೂತಿದ್ದರು.

"ಇಳಿಯಪ್ಪಾ, ತೊಟ್ಟಿಲ ಮನಿಗಿ ಬಂತು," ಎಂದರು ಆಯಿ, ಎಂದೂ ಇಲ್ಲದ ಮೆಲುದನಿಯಲ್ಲಿ. ಆಮೇಲೆ ಅವ್ವನ ಕಡೆ ತಿರುಗಿ, "ಕೂಸಿಗೆ ಆದ ಮ್ಯಾಲ ಗಾಡಿಗೂ ಆರತಿ ಎತ್ತು. ಸಾಹುಕಾರ್ರೆ, ನೀವು ಚಾ ಕುಡದು ಹೋಗ್ರಿ."

ಸಾಹುಕಾರರು ಚಹಾ ಕುಡಿದರು, ಎರಡು ಬಾಳೆಹಣ್ಣೂ ತಿಂದರು.

ಮಿಡಚಿಯನ್ನು ನಮ್ಮ ಮನೆಯವರು ಮಾರಲೇ ಇಲ್ಲ. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಅದು ಆ ಎತ್ತಿನ ಕೊಟ್ಟಿಗೆಯನ್ನೇ ಸೇರಿತು. ಆಸನಗಳಲ್ಲಿ ಕೋಳಿಗಳು ಮೊಟ್ಟೆಯಿಟ್ಟವು, ತಗಡು ಮೆಲ್ಲಗೆ ಮಣ್ಣಿನ ಬಣ್ಣಕ್ಕೆ ತಿರುಗಿತು. ಆಯಿ ಹೋದರು, ಅವ್ವ ಹೋದರು, ಕಾಕು ಹೋದರು… ಹೋದ ವರ್ಷ ಕಾಕಾನೂ.

"ಅಪ್ಪ ಅವತ್ತ ಹೆಂಗ ಕೂತಿದ್ದಾ, ಇನ್ನೊಮ್ಮಿ ಹೇಳ ಅಕ್ಕಾ," ಎಂದಳು ತಂಗಿ, ಗೊನೆಯನ್ನು ಪಡಸಾಲೆಯಲ್ಲಿ ಇಳಿಸುತ್ತ. ಎಷ್ಟು ಸಲ ಕೇಳಿದ್ದಾಳೋ. ಅಂದು ಆ ಗಾಡಿಯಲ್ಲಿ ಬಂದವರಲ್ಲಿ ಈಗ ಉಳಿದವರು ನಾವಿಬ್ಬರೇ, ಅವಳು ದಾರಿಯುದ್ದಕ್ಕೂ ನಿದ್ದೆ ಮಾಡಿದ್ದಳು.

ನಾನು ಕುರ್ಚಿಯನ್ನು ಹಿಂದುಮುಂದು ತಿರುಗಿಸಿದೆ. ಅವಳ ಕಡೆ ಬೆನ್ನು ಮಾಡಿ ಕೂತು, ಬಾಳೆಗೊನೆಯನ್ನು ಮಡಿಲಿಗೆ ತೆಗೆದುಕೊಂಡು, ಎರಡೂ ತೋಳಿನಲ್ಲಿ ಅವುಚಿ ತೋರಿಸಿದೆ.