ಹೆಬ್ಬೆರಳಿನ ದಾರ

ನಿಪ್ಪಾಣಿಯಲ್ಲಿ ನಮ್ಮ ಪಕ್ಕದ ಮನೆಯಾಕೆ ಬೀಡಿ ಕಟ್ಟುತ್ತಿದ್ದಳು. ತೊಟ್ಟಿಲಿನ ದಾರವನ್ನು ಕಾಲಿನ ಹೆಬ್ಬೆರಳಿಗೆ ಬಿಗಿದುಕೊಂಡು, ಎಲೆ, ತಂಬಾಕು ಹರವಿದ ಮೊರದ ಮೇಲಿನ ಕಣ್ಣು ಕೀಳದೆ ತೂಗುವಳು. ಕೂಸು ಅತ್ತರೆ, ‘ತಡಿ ನನ್ನವ್ವಾ, ಇದೊಂದ ಸುತ್ತಿ ಬರ್ತೀನಿ’ ಅನ್ನುವಳು. ಆ ಒಂದು ಬೀಡಿ ಎಂದೂ ಮುಗಿಯುತ್ತಿರಲಿಲ್ಲ. ತಂಬಾಕಿನ ಕೈಯಲ್ಲಿ ಕೂಸನ್ನು ಮುಟ್ಟಬಾರದೆಂಬುದು ಆಕೆಯ ಕಟ್ಟುನಿಟ್ಟು. ಕೈ ತೊಳೆಯಲು ಎದ್ದರೆ ಕೆಲಸ ನಿಲ್ಲುತ್ತದೆ.

ಬರಬರುತ್ತ ಕೂಸು ಅಳುವುದನ್ನೇ ಬಿಟ್ಟಿತು. ‘ಎಷ್ಟ ಶಾಣ್ಯಾ ಕೂಸ ಐತಿ ನಿಂದು, ಸಪ್ಪಳನ ಇಲ್ಲ’ ಎಂದು ಓಣಿಯವರು ಹೊಗಳಿದರು. ಆಕೆಗೂ ಹಿಗ್ಗು.

ಒಂದು ಮಧ್ಯಾಹ್ನ ನಾನು ಅಲ್ಲೇ ಕೂತಿದ್ದೆ. ಕೂಸು ಎಚ್ಚರವಿದ್ದೂ ಸುಮ್ಮನೆ ಮಲಗಿತ್ತು. ಆಕೆ ತಲೆ ಎತ್ತಿ ಅದನ್ನು ಕರೆದಳು. ಬೀದಿಯ ಹಾರ್ನಿಗೆ ಬೆಚ್ಚುವ ಕೂಸು ಅವ್ವನ ದನಿಗೆ ತಿರುಗಲಿಲ್ಲ. ಅದರ ಕಣ್ಣು ಅಲ್ಲಾಡುವ ದಾರದ ಮೇಲಿತ್ತು. ಆಕೆ ಕಾಲು ನಿಲ್ಲಿಸಿ ಮತ್ತೆ ಕರೆದಳು. ಕೂಸು ನಿಂತ ದಾರವನ್ನೇ ನೋಡುತ್ತಿತ್ತು.

ಆಕೆ ದಾರ ಕಿತ್ತು ಎದ್ದಳು. ತಂಬಾಕಿನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮುಖವನ್ನಷ್ಟೇ ತೊಟ್ಟಿಲೊಳಗೆ ಬಗ್ಗಿಸಿ, ‘ಅಳು ಬೇ. ಒಂದ ಸರ್ತಿ ಅಳು. ಬಂದೀನಿ ನೋಡ’ ಎಂದಳು.

ಕೂಸು ಬಹಳ ಹೊತ್ತು ಆ ಮುಖವನ್ನು ನೋಡಿತು, ಗುರುತಿಲ್ಲದವರನ್ನು ನೋಡುವ ಹಾಗೆ. ಆಮೇಲೆ ತುಟಿ ಸೊಟ್ಟಗಾಗಿ, ಓಣಿಗೆಲ್ಲ ಕೇಳುವಂತೆ ಅತ್ತಿತು.

ಮೊರದಲ್ಲಿ ಅರ್ಧ ಸುತ್ತಿದ ಬೀಡಿ ಬಿಚ್ಚಿಕೊಂಡಿತ್ತು. ಆಕೆ ‘ತಡಿ’ ಅನ್ನಲಿಲ್ಲ.