ದೋನ್ಯ ಕಾರ್ಮೆನ್ ಮನೆಯಲ್ಲಿ

ರೈಲಿನಲ್ಲಿ ಎದುರು ಕೂತಿದ್ದ ಮುದುಕ ಬುತ್ತಿ ಬಿಚ್ಚಿ, ತತ್ತಿ ಇಟ್ಟ ರೊಟ್ಟಿಯನ್ನು ನನ್ನತ್ತ ಚಾಚಿ "ಗುಸ್ತಾ?" ಎಂದ, ತಿನ್ನುತ್ತೀಯಾ ಎಂಬಂತೆ. ಹಸಿದಿದ್ದೆ. ಅರ್ಧ ಮುರಿದು ತಿಂದೆ. ಸುತ್ತಲಿದ್ದವರೆಲ್ಲ ಮಾತು ನಿಲ್ಲಿಸಿ ನನ್ನನ್ನೇ ನೋಡಿದರು. ಮುದುಕ ಉಳಿದರ್ಧವನ್ನೂ ಕೊಟ್ಟು ಕಿಟಕಿಯಾಚೆ ಮುಖ ತಿರುಗಿಸಿದ. ಸ್ಪೇನಿನಲ್ಲಿ ಉಣ್ಣುವವರು ಎದುರಿದ್ದವರನ್ನು ಹೀಗೆ ಕರೆಯಲೇಬೇಕು, ಕರೆಸಿಕೊಂಡವರು 'ನೀವು ಚೆನ್ನಾಗಿ ಉಣ್ಣಿ' ಎಂದು ಒಲ್ಲೆನ್ನಬೇಕು ಎಂಬುದು ತಿಂಗಳಾದ ಮೇಲೆ ತಿಳಿಯಿತು. ನಮ್ಮೂರು ಪೆದ್ದಹರಿವಾಣದಲ್ಲಿ ಕರೆದಾಗ ಒಂದು ತುತ್ತೂ ಮುಟ್ಟದೆ ಎದ್ದರೆ ಮನೆಯವರು ಮುನಿಯುತ್ತಾರೆ.

ಆದೋನಿಯ ಹತ್ತಿ ಕಾರ್ಖಾನೆಯಲ್ಲಿ ಎಳೆ ಎಳೆದು ನೋಡಿ ಹತ್ತಿಯ ದರ್ಜೆ ಹೇಳುವುದು ನನ್ನ ಕೆಲಸ. ಅದನ್ನು ಕಲಿಸಿದವರು ಆಲೂರಿನ ಖಾದರ್ ಸಾಬರು. ಬಾರ್ಸಿಲೋನಾದ ಒಬ್ಬ ಹತ್ತಿ ವ್ಯಾಪಾರಿ ನಮ್ಮಿಬ್ಬರನ್ನೂ ಒಂದು ವರ್ಷಕ್ಕೆಂದು ಕರೆಸಿಕೊಂಡ. ಇಳಿದ ದಿನವೇ ನಮ್ಮ ಪಾಸ್‌ಪೋರ್ಟುಗಳನ್ನು ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದ.

ಕೋಣೆ ಕೊಟ್ಟಾಕೆ ಕಾರ್ಮೆನ್ ಎಂಬ ವಿಧವೆ. ಗಂಡ ಸತ್ತು ಹನ್ನೆರಡು ವರ್ಷವಾದರೂ ಕಪ್ಪು ಬಟ್ಟೆ ಬಿಟ್ಟಿರಲಿಲ್ಲ. ಎಲ್ಲರೂ ಆಕೆಯನ್ನು 'ದೋನ್ಯ' ಎನ್ನುತ್ತಿದ್ದರು. ನಾವು 'ಅಮ್ಮಾರು' ಎನ್ನುವ ಹಾಗೆ. ಮಧ್ಯಾಹ್ನ ಎರಡು ದಾಟಿದ ಮೇಲೆ ಅಲ್ಲಿ ಊಟ. ಆಮೇಲೆ ಓಣಿಯ ಕಿಟಕಿಗಳೆಲ್ಲ ಮುಚ್ಚಿ ಊರೇ ಮಲಗುತ್ತದೆ. ನಮ್ಮಲ್ಲಿ ಆ ಹೊತ್ತಿನಲ್ಲಿ ಕಾರ್ಖಾನೆಯ ಸದ್ದಿಗೆ ಮಾತು ಕೇಳಿಸುವುದಿಲ್ಲ. ಹಗಲಿನ ಆ ಕತ್ತಲೆಯಲ್ಲಿ ನಿದ್ದೆ ಬಾರದೆ ಬಿದ್ದಿರುವಾಗ ಎದೆಯ ಮೇಲೆ ಯಾರೋ ಕೂತಂತಾಗುತ್ತಿತ್ತು. ಊಟದಲ್ಲಿ ಖಾರವಿಲ್ಲ. ಕಾಳಿನ ಸಾರಿನಲ್ಲೂ ಹಂದಿ ಮಾಂಸ. ನಾವು ಬರೀ ಬ್ರೆಡ್ಡಿಗೆ ಬೆಳ್ಳುಳ್ಳಿ ತಿಕ್ಕಿ ತಿನ್ನುವುದನ್ನು ಕಂಡು, ಒಂದು ದಿನ ಆಕೆ ಏನೂ ಕೇಳದೆ ಮಾಂಸವಿಲ್ಲದ ಸಾರು ತಂದಿಟ್ಟಳು.

ನಾನು ಗೆದ್ದದ್ದು ನೀರು ಕುಡಿಯುವುದರಲ್ಲಿ. ಬೊತಿಹೊ ಎಂಬ ಮಣ್ಣಿನ ಹೂಜಿಯನ್ನು ತುಟಿಗೆ ತಾಗಿಸದೆ ಮೇಲೆತ್ತಿ ಕುಡಿಯಬೇಕು. ಪರದೇಶಿ ಅಂಗಿ ತೋಯಿಸಿಕೊಳ್ಳುವುದನ್ನು ನೋಡಲು ನೆರೆಯವರು ಕಾದಿದ್ದರು. ಒಂದು ಹನಿಯೂ ಚೆಲ್ಲದೆ ಕುಡಿದೆ. ಹುಟ್ಟಿದಾಗಿನಿಂದ ಕುಡಿದದ್ದೇ ಹಾಗೆ.

ವರ್ಷ ಮುಗಿಯಿತು. ಪಾಸ್‌ಪೋರ್ಟು ಕೇಳಿದರೆ ವ್ಯಾಪಾರಿ ಮುಂದಿನ ಹಡಗಿಗೆ ಕಳಿಸುತ್ತೇನೆ ಎನ್ನುತ್ತ ಬಂದ. 1936ರ ಆ ಬೇಸಿಗೆಯಲ್ಲಿ ಸೈನ್ಯ ದಂಗೆ ಎದ್ದಿತು, ಬೀದಿಗಳಲ್ಲಿ ಗುಂಡು ಹಾರಿದವು. ನಾವು ಕಚೇರಿಗೆ ಹೋಗಿ ನೋಡಿದರೆ ವ್ಯಾಪಾರಿ ಓಡಿಹೋಗಿದ್ದ. ಬಾಗಿಲಿಗೆ ಮೊಳೆ ಹೊಡೆದಿದ್ದರು.

"ಅವ ಬೀಗ ಹಾಕಿದ್ದು ಕಾಗದಕ್ಕಲ್ಲಪ, ನಮಗ," ಎಂದರು ಖಾದರ್ ಸಾಬರು.

ದಂಗೆಕೋರರ ಜೊತೆ ಮೊರಾಕ್ಕೊದ ಮುಸಲ್ಮಾನ ಸಿಪಾಯಿಗಳು ಬರುತ್ತಿದ್ದಾರೆ ಎಂಬ ಸುದ್ದಿ ಹಬ್ಬಿತು. ಅವರನ್ನು 'ಮೊರೊ' ಎನ್ನುತ್ತಾರೆ. ಬ್ರೆಡ್ಡು ತರಲು ಇಳಿದ ಸಾಬರ ಗಡ್ಡ ನೋಡಿ ಯಾರೋ "ಮೊರೊ" ಎಂದು ಕೂಗಿದರು. ದಂಗೆಯ ವಿರುದ್ಧ ಬಂದೂಕು ಹಿಡಿದಿದ್ದ ಓಣಿಯ ಇಬ್ಬರು ಮೆಟ್ಟಿಲವರೆಗೆ ಬೆನ್ನಟ್ಟಿ ಬಂದು, ಮತ್ತೆ ಬರುತ್ತೇವೆಂದು ಹೋದರು. ಹದಿನೆಂಟು ದಿನ ನಾವು ಹೊಸ್ತಿಲು ದಾಟಲಿಲ್ಲ.

ಹತ್ತೊಂಬತ್ತನೆಯ ಸಂಜೆ ದೋನ್ಯ ತನ್ನ ಗಂಡನ ಕೋಟು ತಂದು ಸಾಬರಿಗೆ ತೊಡಿಸಿದಳು. ಸಂಜೆ ಒಳ್ಳೆಯ ಬಟ್ಟೆ ತೊಟ್ಟು ಬೀದಿಯಲ್ಲಿ ನಿಧಾನವಾಗಿ ತಿರುಗಾಡುವುದು ಅಲ್ಲಿಯ ರೂಢಿ, ಅದಕ್ಕೆ 'ಪಸೆಯೊ' ಎನ್ನುತ್ತಾರೆ.

"ಬ್ಯಾಡ್ರಿ ಅಮ್ಮಾರ, ನನ್ನ ಸಂಗಾಟ ನಿಮಗೂ ತ್ರಾಸ ಆಗ್ತೈತಿ," ಎಂದರು ಸಾಬರು ಕನ್ನಡದಲ್ಲೇ. ಆಕೆ ಅವರ ತೋಳಿನಲ್ಲಿ ತನ್ನ ತೋಳು ಸೇರಿಸಿ ಮೆಟ್ಟಿಲಿಳಿದಳು. ಪರಹೆಂಗಸಿನ ತೋಳು ಹಿಡಿದು ಆಲೂರಿನ ಬಜಾರಿನಲ್ಲಿ ನಡೆಯುವುದುಂಟೆ? ನಾನು ಹಿಂದೆ ಹಿಂದೆ ನಡೆದೆ.

ಕಂಡವರ ಮುಂದೆಲ್ಲ ನಿಂತು ಆಕೆ, "ಇವರು ದೋನ್ ಖಾದರ್, ನಮ್ಮವರು, ಇಂಡಿಯಾದವರು," ಎಂದಳು. ಮೂಲೆಯಲ್ಲಿ ಆ ಬಂದೂಕಿನವರಿಬ್ಬರೂ ಇದ್ದರು. ನೇರ ಅವರ ಬಳಿಗೇ ಹೋದಳು. ಒಬ್ಬನನ್ನು, "ನಿನ್ನ ತಾಯಿಯ ಮಂಡಿನೋವು ಹೇಗಿದೆ?" ಎಂದು ಕೇಳಿದಳು. ಅವನು ಸಾಬರನ್ನು ಬಹಳ ಹೊತ್ತು ನೋಡಿದ. ಆಮೇಲೆ ಬಂದೂಕನ್ನು ಎಡಗೈಗೆ ತೆಗೆದುಕೊಂಡು ಬಲಗೈ ಚಾಚಿದ. ಸಾಬರು ಆ ಕೈ ಹಿಡಿದು ಕುಲುಕಿದರು.

ಮುಂದಿನ ವಾರ ಇಂಗ್ಲಿಷ್ ಹಡಗೊಂದು ತನ್ನ ಪ್ರಜೆಗಳನ್ನು ಒಯ್ಯಲು ಬಂತು. ಆಗ ನಾವೂ ಇಂಗ್ಲಿಷರ ಪ್ರಜೆಗಳೇ. ನಮ್ಮ ಗಂಟು ಹೊತ್ತು ದೋನ್ಯಳೂ ಬಂದರಿಗೆ ಬಂದಳು. ಕಾಗದವಿಲ್ಲದ ನಮ್ಮನ್ನು ಗುಮಾಸ್ತ ಬಹಳ ಪ್ರಶ್ನೆ ಕೇಳಿದ. ಕೊನೆಗೆ ಸ್ಪ್ಯಾನಿಷಿನಲ್ಲಿ, "ಈ ಊರಲ್ಲಿ ನಿಮ್ಮವರು ಯಾರಾದರೂ ಇದ್ದಾರೆಯೆ?" ಎಂದ. ಹೌದೆಂದರೆ ಪಟ್ಟಿಯಿಂದ ಹೆಸರು ಬಿಟ್ಟಾನೆಂಬ ಹೆದರಿಕೆ.

"ನಾದಿಯೆ" ಎಂದೆ. ಯಾರೂ ಇಲ್ಲ.

ಬೆನ್ನ ಹಿಂದೆಯೇ ಆಕೆ ನಿಂತಿದ್ದಳು. ಗಂಟು ನನ್ನ ಕೈಗಿಟ್ಟು, ಅವರ ಪದ್ಧತಿಯಂತೆ ಎರಡೂ ಕೆನ್ನೆಗೆ ಮುತ್ತಿಟ್ಟಳು. ನಾನು ಕೊರಡಿನಂತೆ ನಿಂತಿದ್ದೆ.

ಊರು ಸೇರಿದ ಮೇಲೆ ದೋನ್ಯಳಿಗೆ ಎರಡು ಪತ್ರ ಬರೆದೆ. ಎರಡೂ ತಿರುಗಿ ಬಂದವು. ಎರಡನೆಯದು ಬಂದ ದಿನ ಹೆಂಡತಿ ಗಂಗಮ್ಮ ಅದನ್ನು ತಿರುವಿ ನೋಡಿ, "ಯಾರ್ರಿ ಆಕಿ? ಏನಾಗ್ಬೇಕು ನಿಮಗ?" ಎಂದಳು.

"ನಮ್ಮವ್ರು," ಎಂದೆ. ನಮ್ಮೂರಿನಲ್ಲಿ ಆ ಮಾತು ಎಷ್ಟು ಸಲೀಸಾಗಿ ಬಂತು.