ಭಾವನ ಅರ್ಜಿಯ ಮೊದಲ ಸಾಲು

ಓದುವ ಎಲ್ಲರಿಗೂ ನಮಸ್ಕಾರ. ನಾನು ಓದು ಕಲಿತದ್ದು ತಡವಾಗಿ, ಟೈಪು ಕಲಿತದ್ದು ಅದಕ್ಕೂ ತಡವಾಗಿ. ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ತಪ್ಪು ಕಂಡರೆ ನೀವೇ ತಿದ್ದಿಕೊಂಡು ಓದಿ, ಬೈಯಬೇಡಿ.

ಬೇತಮಂಗಲದ ಹತ್ತಿರದ ನಮ್ಮೂರಲ್ಲಿ ಮೀಸೆ ಮೂಡುವವರೆಗೂ ದನ ಕಾಯ್ದೆ. ಐವತ್ತರ ದಶಕದ ಕೊನೆಗೆ ಬಂಗಾರಪೇಟೆಯ ದಿನಸಿ ಅಂಗಡಿಯೊಂದರಲ್ಲಿ ತಕ್ಕಡಿ ಹಿಡಿಯುತ್ತಿದ್ದೆ. ಸಂಜೆ ಒಬ್ಬ ಮೇಷ್ಟ್ರ ಜಗಲಿಯಲ್ಲಿ ಕೂತು ಮೆಟ್ರಿಕ್ ಪರೀಕ್ಷೆಗೆ ಇಂಗ್ಲಿಷ್ ಓದುತ್ತಿದ್ದೆ. ತಾವು ಹೇಳಿಕೊಡುವುದನ್ನು ಮೇಷ್ಟ್ರು ಫಂಕ್ಷನಲ್ ಗ್ರಾಮರ್ ಅನ್ನುತ್ತಿದ್ದರು. ನಾಮಪದ, ಕ್ರಿಯಾಪದ ಎಂದು ಉರು ಹೊಡೆಸುತ್ತಿರಲಿಲ್ಲ. ಈ ಮಾತನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ, ಹೇಳಿ ಏನು ಕೆಲಸ ಮಾಡಿಸಿಕೊಳ್ಳುತ್ತಿದ್ದಾರೆ ಎಂದು ಕೇಳುತ್ತಿದ್ದರು. ಒಮ್ಮೆ ಸ್ಟೇಷನ್ನಿನ ಇಂಗ್ಲಿಷ್ ಬೋರ್ಡೊಂದನ್ನು ಬರೆದುಕೊಂಡು ಬರಲು ಹೇಳಿದರು. ಹಳಿ ದಾಟಬಾರದೆಂದು ಪ್ರಯಾಣಿಕರನ್ನು ಕೇಳಿಕೊಳ್ಳಲಾಗಿದೆ ಎಂದಿತ್ತು.

"ಕೇಳ್ಕೊಂಡೋರು ಯಾರಪ್ಪಾ?" ಎಂದರು ಮೇಷ್ಟ್ರು.

"ಟೇಸನ್ ಮಾಸ್ಟ್ರು, ಸಾ," ಅಂದೆ.

"ಬೋರ್ಡಲ್ಲಿ ಅವರು ಇದಾರಾ?"

"ಇಲ್ಲ ಸಾ."

"ದಾಟಿದ್ರೆ ಏನ್ಮಾಡ್ತಾರೆ?"

"ದಂಡ ಆಕ್ತಾರೆ."

"ದಂಡ ಹಾಕೋ ವಿನಂತಿ ಎಲ್ಲಾದ್ರೂ ಇದೆಯೇನಪ್ಪಾ? ಇದು ಅಪ್ಪಣೆ. ಅಂಗಿ ಮಾತ್ರ ವಿನಂತೀದು."

ಜೊತೆಗೆ ಓದುತ್ತಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಅಂದಿನಿಂದ ಯಾವ ಇಂಗ್ಲಿಷ್ ಕಾಗದ ಕಂಡರೂ ಒಳಗೆ ಏನಿದೆಯೋ ಎಂದು ಹೆದರಿಕೆ ಶುರುವಾಯಿತು.

ಆಗಲೇ ಒಂದು ಭಾನುವಾರ ಉರಿಗಾಂನಲ್ಲಿದ್ದ ಅಕ್ಕನ ಮನೆಗೆ ಹೋದೆ. ಭಾವ ಅಲ್ಲಿನ ಚಿನ್ನದ ಗಣಿಯೊಳಗೆ ಅದಿರಿನ ಟ್ರಾಲಿ ತಳ್ಳುತ್ತಿದ್ದ. ಒಂದು ಟ್ರಾಲಿ ಹಳಿ ತಪ್ಪಿ ನೀರಿನ ಪಂಪಿಗೆ ಗುದ್ದಿತ್ತು. ನಿನ್ನ ಅಜಾಗರೂಕತೆಯಿಂದ ಹೀಗಾಗಿದೆ, ಕೆಲಸದಿಂದ ಯಾಕೆ ತೆಗೆಯಬಾರದು ಎಂದು ಗಣಿಯ ದೊರೆಯ ಆಫೀಸಿನಿಂದ ಮೆಮೋ ಬಂದಿತ್ತು. ಕೆಲಸ ಹೋದರೆ ಗಣಿಯವರು ಕೊಟ್ಟ ಆ ಒಂದು ಕೋಣೆಯ ಮನೆಯೂ ಹೋಗುತ್ತಿತ್ತು. ಉತ್ತರ ಮರುದಿನ ಬೆಳಿಗ್ಗೆ ಕೊಡಬೇಕು. ಭಾವ ಆಗಲೇ ಬಂಗಾರಪೇಟೆಯ ಅರ್ಜಿ ಬರೆಯುವವರಿಂದ ಟೈಪು ಮಾಡಿಸಿ ತಂದಿದ್ದ.

"ಓದ್ಲಾ. ದೊರೆ ಕಣ್ಣಾಗೆ ನೀರು ಬರ್ಬೇಕು, ಅಂಗೆ ಬರ್ದವ್ರೆ," ಅಂದ.

ಮೊದಲ ಸಾಲೇ, ನನ್ನ ತಪ್ಪನ್ನೂ ಅಜಾಗರೂಕತೆಯನ್ನೂ ದೊಡ್ಡ ಮನಸ್ಸು ಮಾಡಿ ಮನ್ನಿಸಬೇಕು ಎಂದಿತ್ತು. ನಮ್ಮ ಕಡೆ ದೊಡ್ಡವರ ಮುಂದೆ ಬಾಯಿ ತೆರೆಯುವುದೇ ತಪ್ಪಾಯ್ತು ಎಂದು. ತಪ್ಪು ಮಾಡಿರಬೇಕೆಂದೇನಿಲ್ಲ, ಅದು ಮರ್ಯಾದೆ. ಆ ಮರ್ಯಾದೆಯನ್ನೇ ಅವರು ಇಂಗ್ಲಿಷಿಗೆ ಇಳಿಸಿದ್ದರು. ಇಂಗ್ಲಿಷಿನಲ್ಲಿ ಅದು ಮಾಡುತ್ತಿದ್ದ ಕೆಲಸವೇ ಬೇರೆ. ಮೆಮೋ ಹೊರಿಸಿದ್ದನ್ನು ಭಾವ ಎರಡೂ ಕೈಯಲ್ಲಿ ಎತ್ತಿಕೊಂಡಂತಿತ್ತು. ಹಳಿ ಮೊದಲೇ ಮುರಿದಿದ್ದದ್ದು, ಅದನ್ನು ಭಾವ ಮೇಸ್ತ್ರಿಗೆ ಹೇಳಿದ್ದು, ಎಲ್ಲಾ ದೊರೆಯ ಹೊಗಳಿಕೆ ಮುಗಿದ ಮೇಲೆ ಕೊನೆಯಲ್ಲಿತ್ತು.

ಕಾಗದವನ್ನು ಇನ್ನೊಮ್ಮೆ ಮೊದಲಿನಿಂದ ಓದಿದೆ. ಅರ್ಜಿ ಬರೆದವರು ನಾನು ಹುಟ್ಟುವ ಮೊದಲಿನಿಂದ ಬರೆಯುತ್ತಿದ್ದವರು. ನಾನು ಇಂಗ್ಲಿಷಿನಲ್ಲಿ ಒಮ್ಮೆ ಫೇಲಾದವನು. ಸುಮ್ಮನಿದ್ದರೂ ಭಾವನ ಕೆಲಸ ಹೋಗಬಹುದು, ಬಾಯಿ ಬಿಟ್ಟರೂ ಹೋಗಬಹುದು.

"ಭಾವ, ಈ ಮೊದಲ್ನೇ ಸಾಲು ಬ್ಯಾಡ," ಅಂದೆ. "ತಪ್ಪು ನಿಂದಾ ಅಂತ ಅವ್ರು ಕೇಳವ್ರೆ. ಇದ್ರಾಗೆ ಊಂ ಅಂದಂಗಾಯ್ತದೆ."

ಒಲೆ ಮುಂದಿದ್ದ ಅಕ್ಕ ತಿರುಗಿದಳು. "ಕೈ ಮುಗುದ್ರೆ ಗಂಟೇನ್ಲಾ ಓಯ್ತದೆ? ದೊಡ್ಡೋರ ಮುಂದೆ ಎದೆ ಸೆಟೆಸ್ಕೊಂಡು ನಿಂತ್ಕೊಳ್ಳೋಕಾಯ್ತದಾ?"

"ಬೇಳೆ ತೂಗೋನು ಲಾಯರಾಗ್ಬುಟ್ಟವ್ನೆ ನೋಡಮ್ಮಿ," ಎಂದು ಭಾವ ನಕ್ಕ. ನಗು ನಿಂತ ಮೇಲೆ ನನ್ನನ್ನೇ ನೋಡಿದ. "ನಿಂಗೆ ಧೈರ್ಯ ಐತೇನ್ಲಾ?"

"ಇಲ್ಲ ಭಾವ."

ಭಾವ ಟೈಪು ಮಾಡಿಸಿದ ಕಾಗದವನ್ನು ಮಡಿಸಿ ಪಕ್ಕಕ್ಕಿಟ್ಟ. "ಐತೆ ಅಂದಿದ್ರೆ ನಿನ್ ಮಾತು ಕೇಳ್ತಿರ್ಲಿಲ್ಲ ಕಣ್ಲಾ. ಹೆದ್ರೋನು ನೋಡ್ಕೊಂಡು ಬರೀತಾನೆ. ಬರಿ."

ಬರೆದೆ. ಮುರಿದ ಹಳಿಯನ್ನು ಮೊದಲ ಸಾಲಿಗೆ ತಂದೆ. ಮೇಸ್ತ್ರಿಗೆ ಹೇಳಿದ್ದು ಆಮೇಲೆ, ಟ್ರಾಲಿ ಜಾರಿದ್ದು ಅದರ ನಂತರ. ಭಾವ ನಿಜವಾಗಿ ಮಾಡಿದ್ದಕ್ಕೆ ಮಾತ್ರ 'ನಾನು' ಎಂದು ಹಾಕಿದೆ. ಬೆವರಿಗೆ ಶಾಯಿ ಹರಡಿ ಇನ್ನೊಂದು ಹಾಳೆ ತೆಗೆಯಬೇಕಾಯಿತು.

ಆಮೇಲಿನ ದಿನಗಳಲ್ಲಿ ಉರಿಗಾಂ ಕಡೆಯ ರೈಲು ಕೂಗಿದರೆ ಸಾಕು, ಅಕ್ಕ ಪಾತ್ರೆಪಗಡೆ ಕಟ್ಟಿಕೊಂಡು ಮಕ್ಕಳೊಂದಿಗೆ ಇಳಿದಳೇನೋ ಎಂದು ಅಂಗಡಿ ಬಾಗಿಲಿಗೆ ಬಂದು ನೋಡುತ್ತಿದ್ದೆ. ಅಕ್ಕಿ ಕೇಳಿದವರಿಗೆ ಗೋಧಿ ತೂಗಿದೆ. ಸಾಹುಕಾರರು ಬೈದರು.

ಒಂದು ದಿನ ಭಾವನೇ ಅಂಗಡಿ ಮುಂದೆ ಬಂದು ನಿಂತ. ನನಗೆ ಮುಖ ಎತ್ತಿ ನೋಡಲಾಗಲಿಲ್ಲ.

"ಕಾಗದ ಓದಿ ದೊರೆ ಮೇಸ್ತ್ರೀನ ಕರ್ಸಿ ಕೇಳ್ದ. ಅವ್ನು ಹಳಿ ವಿಸ್ಯ ಒಪ್ಕೊಂಡ. ಕೆಲ್ಸ ಉಳೀತು ಕಣ್ಲಾ," ಅಂದ.

ತಕ್ಕಡಿ ಕೆಳಗಿಟ್ಟು ಮೂಟೆಯ ಮೇಲೆ ಕೂತೆ. ಆಗ ಭಾವನ ಹಿಂದಿನಿಂದ ಅವನ ಪಕ್ಕದ ಮನೆಯವನು ಮುಂದೆ ಬಂದ. ಅವನ ಕೈಯಲ್ಲೂ ಒಂದು ಮೆಮೋ ಇತ್ತು.

"ಇವ್ನುದೂ ಒಸಿ ಬರ್ಕೊಡು," ಅಂದ ಭಾವ.

ಬರೆದುಕೊಟ್ಟೆ. ಆಮೇಲೂ ಎಷ್ಟೋ ಜನರಿಗೆ ಬರೆದೆ, ಒಂದು ಸಲವೂ ಹೆದರದೆ ಬರೆಯಲಿಲ್ಲ. ಇನ್ನೊಬ್ಬರ ಅನ್ನದ ಮಾತನ್ನು ಅರೆಬರೆ ಬರುವ ಭಾಷೆಯಲ್ಲಿ ನೀವೂ ಬರೆದುಕೊಟ್ಟಿದ್ದರೆ, ಆಗ ನಿಮಗೆ ಹೇಗಾಗಿತ್ತು ಎಂದು ನನಗೆ ತಿಳಿಸಿ.